ಹೂವಿಲ್ಲದ ಚೆಲುವು: ಬಾವಿಗೋಡೆಯ ಜರೀಗಿಡ

ನಿಲಂಗಾದಂಥ ಬಿಸಿಲು ನಾಡಿನಲ್ಲಿ ಜರೀಗಿಡದ ಪಾಠವೇ ಎಂದು ಓದುಗರು ನಗಬಹುದು. ವಿಜ್ಞಾನ ಶಿಕ್ಷಕನಾಗಿ ನಾನು ಆ ಪಾಠವನ್ನು ಕರಿಹಲಗೆಯ ಮೇಲಲ್ಲ, ಹಳೆಯ ಬಾವಿಯ ಮೆಟ್ಟಿಲುಗಳ ಮೇಲೆ ಕಲಿಸಿದೆ. ಕಲ್ಲುಸಂದಿಯ ಜಿನುಗುನೀರಿಗೆ ಮೈಯೊಡ್ಡಿ, ಕಪ್ಪು ತಂತಿಯಂಥ ತೊಟ್ಟುಗಳಲ್ಲಿ ಪುಟ್ಟ ಬೀಸಣಿಗೆಗಳಂಥ ಎಲೆಗಳನ್ನು ಬಿಚ್ಚಿ ಆ ಗಿಡ ನಿಂತಿರುತ್ತಿತ್ತು. ನಮ್ಮ ಮರಾಠಿ ಬಾಂಧವರು ಅದನ್ನು ಹಂಸರಾಜ ಎನ್ನುವರು, ಸಸ್ಯಶಾಸ್ತ್ರದಲ್ಲಿ ಅಡಿಯಾಂಟಮ್. ಈ ಗ್ರೀಕ್ ಮೂಲದ ಹೆಸರಿಗೆ ‘ತೋಯದುದು’ ಎಂದರ್ಥ. ನೀರಹನಿ ಎಲೆಯ ಮೇಲೆ ನಿಲ್ಲದೆ ಜಾರುತ್ತದೆ.

ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯನ್ನು ಹೊರಳಿಸಿದರೆ ಬೀಜಾಣುಗಳ ಕಂದು ಗುಂಪುಗಳು ಕಾಣುತ್ತವೆ; ಹಂಸರಾಜದಲ್ಲಿ ಅವು ಮಡಿಚಿದ ಅಂಚಿನಡಿ ಅಡಗಿರುತ್ತವೆ. ಬಿದ್ದ ಬೀಜಾಣುವಿನಿಂದ ಮೊದಲು ಹೃದಯಾಕಾರದ ಪುಟ್ಟ ಹಸಿರು ಹಾಳೆ ಹುಟ್ಟುತ್ತದೆ. ಅದರ ಮೇಲಿನ ತೆಳುನೀರಿನಲ್ಲಿ ಪುರುಷಾಣು ಈಜಿ ಅಂಡವನ್ನು ಸೇರಿದಾಗಲೇ ಹೊಸ ಗಿಡ. ಆದಕಾರಣ ಬಯಲನ್ನು ಬಿಟ್ಟು ಅದು ಬಾವಿಯನ್ನು ಆರಿಸಿಕೊಂಡಿತು.

ಮನೆಯಂಗಳದಲ್ಲಿ ಬೆಳೆಸುವವರು ಒಂದು ಮಾತನ್ನು ನೆನಪಿಡಬೇಕು. ನಮ್ಮ ಎರೆಮಣ್ಣು ಜೋಳ, ತೊಗರಿಗಳಿಗೆ ತಾಯಿ. ಜರೀಗಿಡಕ್ಕೆ ಮಾತ್ರ ಒಗ್ಗದು. ತೋಯ್ದಾಗ ಉಬ್ಬಿ ಬೇರಿನ ಉಸಿರು ಕಟ್ಟಿಸುತ್ತದೆ; ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಮಣ್ಣಿನ ಕುಂಡದಲ್ಲಿ ಎರಡು ಪಾಲು ಎಲೆಗೊಬ್ಬರ, ಒಂದು ಪಾಲು ಮರಳು, ಒಂದು ಪಾಲು ಇಟ್ಟಿಗೆ ಚೂರು ಬೆರೆಸಿ ತುಂಬಿರಿ. ಬುಡವನ್ನು ಆಳಕ್ಕೆ ಹೂಳಬೇಡಿರಿ. ಬಿಸಿಗಾಳಿ ಬಡಿಯದ ಉತ್ತರದ ನೆರಳಿನಲ್ಲಿ, ಹರಳುಕಲ್ಲು ಹಾಗೂ ನೀರು ತುಂಬಿದ ತಟ್ಟೆಯ ಮೇಲೆ, ಕುಂಡದ ತಳಕ್ಕೆ ನೀರು ತಾಗದಂತೆ ಇಡಿರಿ. ಹೊಸದಾಗಿ ಕಲಿಯುವವರಿಗೆ ನೆಫ್ರೊಲೆಪಿಸ್ ಜಾತಿ ಹೆಚ್ಚು ಸುಲಭ.

ಗಾಳಿಯ ತೇವ ಎಷ್ಟು ಮುಖ್ಯವೆಂಬುದಕ್ಕೆ ಒಂದು ನಿದರ್ಶನವಿದೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಪತಂಗದ ಕೋಶವನ್ನಿಟ್ಟು ಮುಚ್ಚಿದ್ದ ಗಾಜಿನ ಸೀಸೆಯಲ್ಲಿ ಜರೀಗಿಡವೊಂದು ತಾನಾಗಿ ಮೊಳೆತುದನ್ನು ಕಂಡರು. ಅದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗಳಲ್ಲಿ ಸಸಿಗಳು ಸಮುದ್ರಗಳನ್ನೇ ದಾಟಿದವು.

2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಬಂದುದನ್ನು ನಾವೆಲ್ಲ ಬಲ್ಲೆವು. ಆ ಬೇಸಿಗೆಯಲ್ಲಿ ನಮ್ಮ ಬಾವಿಯೂ ಬತ್ತಿತು. ಗೋಡೆಯ ಹಂಸರಾಜ ಸುಟ್ಟ ಕಾಗದದಂತೆ ಉದುರಿತು. ಮನೆಯ ಕುಂಡದಲ್ಲಿ ಒಂದೇ ಬುಡ ಉಳಿದಿತ್ತು. ಒಂದು ಕೊಡ ನೀರಿಗಾಗಿ ನೆರೆಯವರು ಸರದಿಯಲ್ಲಿ ನಿಂತಿರುವಾಗ, ಅಲಂಕಾರದ ಗಿಡಕ್ಕೆ ನೀರೆರೆಯಲು ನನಗೆ ಮನಸ್ಸು ಬರಲಿಲ್ಲ. ಎಲೆಗಳೆಲ್ಲ ಒಣಗಿದವು. ಆದರೆ ನನ್ನ ಪತ್ನಿ ಅಕ್ಕಿ ತೊಳೆದ ನೀರನ್ನು ದಿನವೂ ಒಂದು ಬಟ್ಟಲು ಆ ಬುಡಕ್ಕೆ ಎರೆಯತೊಡಗಿದಳು. “ಇದು ಯಾರ ಪಾಲಿನ ನೀರೂ ಅಲ್ಲ” ಎಂದಷ್ಟೇ ಅವಳ ಮಾತು. ಮಳೆ ಬಿದ್ದ ಮೇಲೆ ಸತ್ತಿತೆಂದುಕೊಂಡ ಬುಡದಿಂದ, ಮಗುವಿನ ಮುಷ್ಟಿಯಂತೆ ಸುರುಳಿಗೊಂಡ ಚಿಗುರೊಂದು ಎದ್ದಿತು. ಮೂವತ್ತು ವರ್ಷ ಆ ಪಾಠ ಹೇಳಿದ ನಾನು, ನೆಲದಡಿಯ ಕಾಂಡದ ಜೀವಶಕ್ತಿಯನ್ನು ಅಂದು ನಿಜವಾಗಿ ಕಲಿತೆ.

ಆ ಬುಡವನ್ನೇ ಸೀಳಿ ಶಾಲೆಯ ಉತ್ತರದ ಗೋಡೆಯ ನೆರಳಿನಲ್ಲಿ ಮೂರು ಕುಂಡಗಳಲ್ಲಿ ನೆಟ್ಟಿದ್ದೇವೆ. ಮಕ್ಕಳು ಮಧ್ಯಾಹ್ನದ ಊಟಕ್ಕೆ ಅಕ್ಕಿ ತೊಳೆದ ನೀರನ್ನು ಅವಕ್ಕೆ ಎರೆಯುತ್ತಾರೆ. ಸುವರ್ಣ ಮಹೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು ಅಲ್ಲಿ ಒಂದು ಕ್ಷಣ ನಿಂತು, ಎಲೆಯೊಂದನ್ನು ಮೆಲ್ಲನೆ ಹೊರಳಿಸಿ ನೋಡಬೇಕೆಂದು ವಿನಂತಿ. ಪಾಠ ನೆನಪಿದೆಯೇ ಎಂದು ನಾನು ಕೇಳುವವನಿದ್ದೇನೆ.