ಟರ್ಬೊ ಕಾರು ಆಯಿಲ್ ಕುಡಿದರೆ

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು, 38,000 ಕಿ.ಮೀ. ಓಡಿದೆ. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಹತ್ತುತ್ತೇನೆ. ಸರ್ವಿಸ್ ಆಗಿ 4,000 ಕಿ.ಮೀ.ಗೇ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಅರ್ಧಕ್ಕೆ ಇಳಿದಿದೆ. ಕೆಳಗೆ ಒಂದು ಹನಿಯೂ ಸೋರಿಲ್ಲ. ಪರಿಚಯದ ಮೆಕ್ಯಾನಿಕ್ ಇಂಜಿನ್ ಬಿಚ್ಚಬೇಕು ಎನ್ನುತ್ತಾರೆ.
– ಓದುಗರು, ಹಾಸನ

ಉತ್ತರ: ಸೋರದ ಆಯಿಲ್ ಎಲ್ಲಿ ಹೋಯಿತು ಎಂಬುದು ನಿಮ್ಮ ಚಿಂತೆ. ಯಾರಿಗಾದರೂ ಗಾಬರಿಯಾಗುವಂಥದ್ದೇ. ಆದರೆ ಇಂಜಿನ್ ಬಿಚ್ಚುವ ಮಾತು ಈಗಲೇ ಬೇಡ.

ಹೆಚ್ಚಿನ ಕಾರುಗಳಲ್ಲಿ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಸುಮಾರು ಒಂದು ಲೀಟರ್ ಅಂತರ. ನಿಮ್ಮಲ್ಲಿ ಹೋಗಿರುವುದು ಅರ್ಧ ಲೀಟರ್. ಎಂದರೆ ಸಾವಿರ ಕಿ.ಮೀ.ಗೆ 125 ಮಿ.ಲೀ., ಒಂದು ಲೋಟ ಕಾಫಿಯಷ್ಟು. ಸಾವಿರಕ್ಕೆ ಅರ್ಧ ಲೀಟರ್‌ವರೆಗೂ ಸಹಜ ಎಂದು ಬರೆದ ಕೈಪಿಡಿಗಳಿವೆ. ಅದು ಕಂಪನಿಯವರ ಧಾರಾಳ ಲೆಕ್ಕ ಬಿಡಿ. ನಿಮ್ಮದು ಅದರ ಹತ್ತಿರವೂ ಇಲ್ಲ.

ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಚಕ್ರ) ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ದಂಡ ತೇಲುವುದು ಆಯಿಲ್‌ನ ತೆಳು ಪದರದ ಮೇಲೆ. ಅಲ್ಲಿಂದ ಒಂದಿಷ್ಟು, ಪಿಸ್ಟನ್ ರಿಂಗ್‌ಗಳನ್ನು ದಾಟಿ ಒಂದಿಷ್ಟು, ಆವಿಯಾಗಿ ಒಂದಿಷ್ಟು ಆಯಿಲ್ ಉರಿದುಹೋಗುತ್ತದೆ.

ಗುಂಡ್ಯದಿಂದ ಘಾಟಿ ಹತ್ತಿ, ಕಾಫಿಗೆಂದು ನಿಲ್ಲಿಸಿದ ಕೂಡಲೇ ಇಂಜಿನ್ ಆಫ್ ಮಾಡುತ್ತೀರಾ? ಆಗ ಆಯಿಲ್ ಹರಿವು ನಿಂತು, ಕಾದ ಟರ್ಬೊದೊಳಗೆ ಉಳಿದದ್ದು ಕರಕಲಾಗುತ್ತದೆ. ಆ ಕರಕಲು ಕಟ್ಟಿಕೊಂಡರೆ ಮುಂದೆ ಟರ್ಬೊವೇ ಆಯಿಲ್ ಬಿಡತೊಡಗುತ್ತದೆ. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.

ಪ್ರತಿ ಸಾವಿರ ಕಿ.ಮೀ.ಗೊಮ್ಮೆ ನೀವೇ ಅಳೆಯಿರಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಿಸಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಎಳೆದು ಹತ್ತಿಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ನೋಡಿ. ಮೊದಲ ಸಲ ಕಂಡದ್ದನ್ನು ನಂಬಬೇಡಿ. ಕಡಿಮೆಯಾದಷ್ಟನ್ನು ಕೈಪಿಡಿ ಹೇಳುವ ದರ್ಜೆಯ ಆಯಿಲ್‌ನಿಂದಲೇ ತುಂಬಿಸಿ. ನನ್ನ ಡಿಕ್ಕಿಯಲ್ಲೂ ಒಂದು ಲೀಟರ್ ಡಬ್ಬಿ ಸದಾ ಇರುತ್ತದೆ. ದಪ್ಪ ಆಯಿಲ್ ಹಾಕಿ ಎನ್ನುವವರಿಗೆ ಕಿವಿಗೊಡಬೇಡಿ. ತಣ್ಣಗಿನ ಇಂಜಿನ್‌ನಲ್ಲಿ ಅದು ಟರ್ಬೊ ತಲುಪುವುದೇ ತಡ.

ಲೆಕ್ಕ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಕಂಡರೆ ಗ್ಯಾರೇಜಿಗೆ ಹೋಗಿ. ಮೊದಲು ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಕವಾಟ) ನೋಡಿಸಿ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ, ಖರ್ಚೂ ಕಡಿಮೆ.

ಪ್ರಶ್ನೆ: ನನ್ನ ಡೀಸೆಲ್ ಕಾರಿನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿದೆ! ದಿನಾ ಆರು ಕಿ.ಮೀ. ಆಫೀಸಿಗೆ ಹೋಗಿಬರುವುದಷ್ಟೇ. ಒಳ್ಳೆಯದೇ ಅಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಗಮನಿಸಿದ್ದು ಒಳ್ಳೆಯದಾಯಿತು, ಇದು ಸರಿಹೋಗುವ ತೊಂದರೆ. ಆದರೆ ಹೆಚ್ಚಾಗಿರುವುದು ಆಯಿಲ್ ಅಲ್ಲ, ಬಹುತೇಕ ಡೀಸೆಲ್. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜರಡಿ) ತುಂಬಿದಾಗ ಆ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಅಷ್ಟರಲ್ಲಿ ನೀವು ಆಫೀಸು ತಲುಪಿ ಆಫ್ ಮಾಡುತ್ತೀರಿ. ಉರಿಯದ ಡೀಸೆಲ್ ಜಾರಿ ಆಯಿಲ್‌ಗೆ ಸೇರಿ, ಅದನ್ನು ತೆಳುವಾಗಿಸುತ್ತದೆ. ಸ್ವಲ್ಪ ತೆಗೆದು ಮಟ್ಟ ಸರಿಮಾಡಿದರೆ ಸಾಲದು. ಸರ್ವಿಸ್ ದಿನಕ್ಕೆ ಕಾಯದೆ, ಈ ವಾರವೇ ಪೂರ್ತಿ ಆಯಿಲ್ ಬದಲಿಸಿ. ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ. ಆಮೇಲೆ ಮಸಿ ಪೂರ್ತಿ ಉರಿಯುವಂತೆ ಭಾನುವಾರದ ಬೆಳಿಗ್ಗೆ ನೆಲಮಂಗಲದಾಚೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ.