ಮನೆಯುಂಟು, ಸಂಖ್ಯೆಯಿಲ್ಲ



ಹೊಸ ಮನೆಯೊಂದನ್ನು ಕಟ್ಟಿ, ಬಾಗಿಲಿಗೆ ತೋರಣ ಬಿಗಿದು, ಅದಕ್ಕೆ ಸಂಖ್ಯೆಯನ್ನೇ ಕೊಡದೆ ಬಿಟ್ಟರೆ ಅಂಚೆಯವನು ಅಲ್ಲಿಗೆ ಹೇಗೆ ಬರಬೇಕು? ಮನೆಯೇನೋ ಉಂಟು, ಆದರೆ ಅಂಚೆಯ ಪಾಲಿಗೆ ಅದು ಇಲ್ಲದಂತೆಯೇ ಸರಿ. ಗಣಕಯಂತ್ರದಲ್ಲಿಯೂ ಇಂತಹ ಸಂಗತಿ ನಡೆಯುವುದುಂಟೆಂಬುದನ್ನು ನಾನು ಪ್ರತ್ಯಕ್ಷವಾಗಿ ಕಂಡುದು 2022ರ ಬೇಸಗೆಯ ರಜೆಯಲ್ಲಿ, ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ.

ಕೋಲ್ಕತ್ತದ ಪೂರ್ವ ದಿಕ್ಕಿಗೆ ಹಿಂದೆ ಉಪ್ಪುನೀರಿನ ಜೌಗುಪ್ರದೇಶವಿತ್ತು. 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಕೊಳವೆಗಳ ಮೂಲಕ ತಂದು ತುಂಬಿ, ಅಲ್ಲಿ ಸಾಲ್ಟ್ ಲೇಕ್ ಎಂಬ ಉಪನಗರಕ್ಕೆ ನೆಲವನ್ನು ಸಿದ್ಧಗೊಳಿಸಿದರು. ಅದರ ಐದನೆಯ ವಿಭಾಗವೇ ಸೆಕ್ಟರ್ ಫೈವ್. ಇಂದು ಅಲ್ಲಿ ಗಣಕಯಂತ್ರದ ಉದ್ಯಮಕ್ಕೆ ಸೇರಿದ ಕಟ್ಟಡಗಳು ಸಾಲುಸಾಲಾಗಿ ನಿಂತಿವೆ. ಇ.ಪಿ., ಜಿ.ಪಿ., ಡಿ.ಎನ್. ಎಂಬ ಅಕ್ಷರಗಳೊಡನೆ ನಿವೇಶನದ ಸಂಖ್ಯೆಯನ್ನು ಸೇರಿಸಿ ಹೇಳುವುದೇ ಅಲ್ಲಿನ ವಿಳಾಸದ ಕ್ರಮ. ಸಂಖ್ಯೆ ತಿಳಿದವನಿಗೆ ಊರು ಸುಲಭ. ತಿಳಿಯದವನಿಗೆ ಎಲ್ಲ ಬೀದಿಗಳೂ ಒಂದೇ.

ನನ್ನ ಸೋದರಳಿಯನು ಅಲ್ಲಿ ಲೆಕ್ಕಪತ್ರ ಬರೆಯುವ ಸಣ್ಣದೊಂದು ಕಚೇರಿಯನ್ನು ಇಟ್ಟುಕೊಂಡಿದ್ದಾನೆ. ಅವನ ಹಳೆಯ ಗಣಕಯಂತ್ರವು ಬಹಳ ನಿಧಾನವಾಗಿ ನಡೆಯುತ್ತಿತ್ತು. ಅದರಲ್ಲಿ 4 ಜಿಬಿ ಮೆಮೊರಿ ಇತ್ತು. ಇನ್ನೂ 4 ಜಿಬಿಯ ಪಟ್ಟಿಯೊಂದನ್ನು, ಅಂದರೆ ಅಂಗಡಿಗಳಲ್ಲಿ ರ‍್ಯಾಮ್ ಎಂದು ಕರೆಯುವ ವಸ್ತುವನ್ನು, ಚಾಂದನಿ ಚೌಕದ ಪೇಟೆಯಿಂದ ಕೊಂಡು ತರಲು ಹೊಸದಾಗಿ ಸೇರಿದ್ದ ಬಂಗಾಳಿ ಹುಡುಗನೊಬ್ಬನನ್ನು ಕಳುಹಿಸಿದನು. ಪಟ್ಟಿಯನ್ನು ಜೋಡಿಸಿದರೂ ಟಾಸ್ಕ್ ಮ್ಯಾನೇಜರಿನಲ್ಲಿ ಮೊದಲಿನಂತೆಯೇ 3.4 ಜಿಬಿ ಎಂದು ಕಂಡಿತು.

“ಮಾವ, ಕೆಟ್ಟ ಮಾಲನ್ನು ಅಗ್ಗಕ್ಕೆ ತಂದು, ಉಳಿದ ಹಣವನ್ನು ಇವನೇ ಇಟ್ಟುಕೊಂಡಿರಬೇಕು. ನಾಳೆಯಿಂದ ಇವನು ಬರುವುದು ಬೇಡ” ಎಂದು ಅವನು ಕನ್ನಡದಲ್ಲಿ ನನಗೆ ಹೇಳಿದನು. ಭಾಷೆ ತಿಳಿಯದಿದ್ದರೂ ಭಾವ ತಿಳಿದ ಆ ಹುಡುಗನು ಜೇಬಿನಿಂದ ರಸೀತಿಯನ್ನು ತೆಗೆದು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ನಿಂತನು.

“ಯಂತ್ರವನ್ನು ವಿಚಾರಿಸದೆ ಮನುಷ್ಯನನ್ನು ಶಿಕ್ಷಿಸಬೇಡಪ್ಪ” ಎಂದೆ. ಮೂವರೂ ಕುಳಿತು ಪರೀಕ್ಷೆಗೆ ತೊಡಗಿದೆವು.

ಮೊದಲನೆಯ ಪ್ರಶ್ನೆ: ಯಂತ್ರವು ಹೊಸ ಪಟ್ಟಿಯನ್ನು ಕಂಡಿದೆಯೇ? ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರಗಳ ಪುಟವನ್ನು ತೆರೆದೆವು. ಅಳವಡಿಸಿದುದು 8 ಜಿಬಿ, ಬಳಕೆಗೆ ಒದಗುವುದು 3.43 ಜಿಬಿ ಎಂದು ಅಲ್ಲಿತ್ತು. ಈ ಎರಡು ಅಂಕೆಗಳ ಭೇದವೇ ಪರೀಕ್ಷೆಯ ಕೀಲಿಕೈ. ಅಳವಡಿಸಿದುದೇ 4 ಎಂದಿದ್ದರೆ, ಪಟ್ಟಿಯು ಸಡಿಲವಾಗಿರಬೇಕು, ಇಲ್ಲವೆ ಕೆಟ್ಟಿರಬೇಕು, ಇಲ್ಲವೆ ಆ ಮದರ್‌ಬೋರ್ಡಿಗೆ ಒಗ್ಗದ ಜಾತಿಯದಾಗಿರಬೇಕು. 8 ಎಂದಿದ್ದುದರಿಂದ ಯಂತ್ರವು ಅದನ್ನು ಕಂಡಿದೆಯೆಂದಾಯಿತು.

ಎರಡನೆಯ ಪ್ರಶ್ನೆ: ಪಟ್ಟಿಯು ನೆಟ್ಟಗಿದೆಯೇ? ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ತಂತಿಯನ್ನು ಕಿತ್ತು, ಮೈಯಲ್ಲಿರಬಹುದಾದ ಸ್ಥಾಯೀ ವಿದ್ಯುತ್ತು ಹೋಗಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಹಳೆಯ ಪಟ್ಟಿಯನ್ನು ತೆಗೆದು ಹೊಸದೊಂದನ್ನೇ ಇಟ್ಟು ನಡೆಸಿದೆವು. ಯಂತ್ರವು ಸುಸೂತ್ರವಾಗಿ ನಡೆಯಿತು. ಹುಡುಗನ ಮುಖ ಅರಳಿತು.

ಮೂರನೆಯ ಪ್ರಶ್ನೆ: ಯಾವುದಾದರೂ ಕಟ್ಟಳೆ ಅಡ್ಡ ಬಂದಿದೆಯೇ? ಎರಡು ಪಟ್ಟಿಗಳನ್ನೂ ಮತ್ತೆ ಜೋಡಿಸಿ, ಎಂಎಸ್‌ಕಾನ್ಫಿಗ್ ಎಂಬ ಉಪಕರಣದಲ್ಲಿ ಮೆಮೊರಿಗೆ ಗರಿಷ್ಠ ಮಿತಿಯ ಗುರುತೇನಾದರೂ ಇದೆಯೇ ಎಂದು ನೋಡಿದೆವು, ಇರಲಿಲ್ಲ. ಬಯಾಸ್‌ನಲ್ಲಿ ಚಿತ್ರಗಳಿಗಾಗಿ ಹೆಚ್ಚು ಪಾಲನ್ನು ತೆಗೆದಿರಿಸಿಲ್ಲವೆಂಬುದೂ, ಮೆಮೊರಿಯನ್ನು ಮೇಲಿನ ವಿಳಾಸಗಳಿಗೆ ಸಾಗಿಸುವ ರೀಮ್ಯಾಪ್ ಏರ್ಪಾಡು ಚಾಲ್ತಿಯಲ್ಲಿದೆಯೆಂಬುದೂ ತಿಳಿಯಿತು.

ಕಡೆಗೆ ಕಾರಣವು ಮೊದಲು ನೋಡಿದ ಪುಟದಲ್ಲಿಯೇ ಸಿಕ್ಕಿತು. ಪ್ರೊಸೆಸರ್ 64 ಬಿಟ್‌ನದು. ಆದರೆ ಸ್ಥಾಪಿಸಿದ್ದ ವಿಂಡೋಸ್ 10 ಮಾತ್ರ 32 ಬಿಟ್‌ನದು.

ಇದರ ಅರ್ಥವನ್ನು ವಿವರಿಸುವೆನು. ಮೆಮೊರಿಯ ಒಂದೊಂದು ಬೈಟಿಗೂ ಒಂದೊಂದು ಸಂಖ್ಯೆ ಬೇಕು. ಆ ಸಂಖ್ಯೆಯನ್ನು 0 ಮತ್ತು 1 ಎಂಬ ಎರಡೇ ಅಂಕೆಗಳಿಂದ ಬರೆಯುವರು. ಎರಡು ಸ್ಥಾನಗಳಿದ್ದರೆ 00, 01, 10, 11 ಎಂಬ ನಾಲ್ಕು ವಿಳಾಸಗಳು, ಮೂರಿದ್ದರೆ ಎಂಟು, ಸ್ಥಾನವೊಂದು ಹೆಚ್ಚಿದಂತೆಲ್ಲ ವಿಳಾಸಗಳು ಇಮ್ಮಡಿಯಾಗುವುವು. ಹೀಗೆ 32 ಸ್ಥಾನಗಳಲ್ಲಿ 429,49,67,296 ವಿಳಾಸಗಳಾಗುವುವು. ಇದೇ 4 ಜಿಬಿ. 32 ಬಿಟ್‌ನ ವಿಂಡೋಸ್ 10 ಈ ಗಡಿಯನ್ನು ದಾಟಿ ನೋಡಲಾರದು. ಅದರಲ್ಲಿಯೂ ಕೆಲವು ಸಂಖ್ಯೆಗಳನ್ನು ಚಿತ್ರದ ಕಾರ್ಡು ಮೊದಲಾದ ಉಪಕರಣಗಳಿಗೆ ಮೀಸಲಿಡುವುದರಿಂದ ನಾಲ್ಕು ಕೂಡ ಪೂರ್ತಿ ದಕ್ಕುವುದಿಲ್ಲ. ಆದುದರಿಂದಲೇ 3.43. ಹೊಸ ಪಟ್ಟಿಯು ಸಂಖ್ಯೆಯಿಲ್ಲದ ಮನೆಯಂತೆ ಅಲ್ಲಿ ಸುಮ್ಮನೆ ಕುಳಿತಿತ್ತು.

ವಿಳಾಸಗಳು ಇಷ್ಟು ಬೆಳೆದ ವೇಗವು ಆಶ್ಚರ್ಯಕರವಾದುದು. ಭಾರತಕ್ಕೆ ಬಂದ ಮೊದಲ ಗಣಕಯಂತ್ರವಾದ ಎಚ್.ಇ.ಸಿ.-2ಎಂ 1955ರಲ್ಲಿ ಇದೇ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಇಂಗ್ಲೆಂಡಿನಿಂದ ಬಂದಿತು. ತಿರುಗುವ ಕಾಂತೀಯ ಉರುಳೆಯೊಂದೇ ಅದರ ಸ್ಮೃತಿಭಂಡಾರ. ಅದರಲ್ಲಿದ್ದುದು 1024 ಮನೆಗಳು ಮಾತ್ರ!

ಪರಿಹಾರವು ಸರಳ, ಆದರೆ ಎಚ್ಚರಿಕೆ ಬೇಡುವಂತಹುದು. 32 ಬಿಟ್‌ನ ವಿಂಡೋಸನ್ನು ಇದ್ದಲ್ಲಿಯೇ 64ಕ್ಕೆ ಬದಲಿಸಲಾಗದು, ಹೊಸದಾಗಿಯೇ ಸ್ಥಾಪಿಸಬೇಕು. ಆದುದರಿಂದ ಲೆಕ್ಕಪತ್ರಗಳನ್ನೆಲ್ಲ ಮೊದಲು ಬೇರೊಂದು ಡಿಸ್ಕಿಗೆ ಪ್ರತಿಮಾಡಿ, ಆ ಪ್ರತಿಗಳನ್ನು ತೆರೆದು ನೋಡಿ, ಬಳಿಕ ಕೆಲಸಕ್ಕೆ ಕೈಹಚ್ಚಿದೆವು. ಸಂಜೆಯ ಹೊತ್ತಿಗೆ 8ರಲ್ಲಿ 7.9 ಜಿಬಿ ಬಳಕೆಗೆ ಒದಗಿತು. ಉಳಿದ ಅಲ್ಪ ಭಾಗವು ಯಂತ್ರದ ಸ್ವಂತ ಉಪಯೋಗಕ್ಕೆ ಮೀಸಲು, ಅದು ದೋಷವಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್‌ನ ರೂಪವೇ ಇಲ್ಲ. ಹೀಗಾಗಿ ಈ ತೊಡಕು ನಿಮಗೆ ಕಾಣಿಸುವುದು ಹಳೆಯ ಯಂತ್ರಗಳಲ್ಲಿ ಮಾತ್ರ.

ಸೋದರಳಿಯನು ಎದ್ದು ಹೋಗಿ ಮಣ್ಣಿನ ಕುಡಿಕೆಗಳಲ್ಲಿ ಚಹಾ ತಂದನು; ಮೊದಲ ಕುಡಿಕೆಯನ್ನು ಹುಡುಗನ ಕೈಗಿತ್ತು, ಅವನ ಭಾಷೆಯಲ್ಲಿಯೇ ಕ್ಷಮೆ ಕೇಳಿದನು. ರಸೀತಿಯನ್ನು ಜೋಪಾನವಾಗಿ ಕಡತದಲ್ಲಿ ಸೇರಿಸಿದನು.

ಮಿತ್ರರೇ, ನಿಮ್ಮ ಮನೆಯಲ್ಲಿಯೋ ಶಾಲೆಯಲ್ಲಿಯೋ ಯಂತ್ರವು ಇಂತಹ ಒಗಟನ್ನು ಒಡ್ಡಿದರೆ, ಪ್ರಶ್ನೆಗಳನ್ನು ಕ್ರಮವಾಗಿ ಕೇಳಿರಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ, ಕಂಡುದನ್ನು ಬರೆದಿಡಿರಿ. ಹಿರಿಯರ ಸಹಾಯವಿಲ್ಲದೆ ಪೆಟ್ಟಿಗೆಯನ್ನು ತೆರೆಯಬೇಡಿರಿ. ಪರೀಕ್ಷೆ ಮುಗಿಯುವವರೆಗೆ ಯಾರನ್ನೂ ಕಳ್ಳನೆನ್ನಬೇಡಿರಿ.