ಅಂಗಡಿಯ ಸದಸ್ಯತ್ವದ ಕಾರ್ಡು ಮತ್ತು ಮಿತ ಆದಾಯದ ಸಂಸಾರ

ಆದಾಯವು ಮಿತವಾಗಿರುವ ಸಂಸಾರದಲ್ಲಿ ಪ್ರತಿಯೊಂದು ನಾಣ್ಯಕ್ಕೂ ಗೊತ್ತಾದ ಕೆಲಸವಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಅರಿತ ಗೃಹಿಣಿಯ ಕೈಗೆ ದೊಡ್ಡ ಅಂಗಡಿಯೊಂದು ಉಚಿತವಾಗಿ ಕಾರ್ಡು ಕೊಟ್ಟು, ಇದನ್ನು ತೋರಿಸಿದರೆ ಬೆಲೆ ಕಡಿಮೆ ಎಂದು ಹೇಳುತ್ತದೆ. ಆಕೆ ಅದನ್ನು ಲಾಭವೆಂದು ತಿಳಿಯಬೇಕೇ, ಬಲೆಯೆಂದು ತಿಳಿಯಬೇಕೇ? ಈ ಪ್ರಶ್ನೆಯ ವಿಚಾರಕ್ಕೆ ಬ್ರಿಟನ್ನಿನ ನಿದರ್ಶನವು ಬೋಧಪ್ರದವಾಗಿದೆ. ಅಲ್ಲಿನ ದಿನಸಿ ವ್ಯಾಪಾರದಲ್ಲಿ ಈ ಪದ್ಧತಿ ಆಳವಾಗಿ ಬೇರೂರಿದೆ. ಅದರ ಸತ್ಯಾಸತ್ಯತೆಯನ್ನು ಸರಕಾರಿ ಸಂಸ್ಥೆಯೇ ಪರೀಕ್ಷಿಸಿದೆ.

ಗ್ರಾಹಕನನ್ನು ಒಂದೇ ಅಂಗಡಿಗೆ ಒಲಿಸಿಕೊಳ್ಳುವ ಉಪಾಯ ಹೊಸತಲ್ಲ. 1958ರಲ್ಲಿ ಬ್ರಿಟನ್ನಿಗೆ ಗ್ರೀನ್ ಶೀಲ್ಡ್ ಎಂಬ ಅಂಟುಚೀಟಿಗಳು ಬಂದವು. ಖರೀದಿಯ ಮೊತ್ತಕ್ಕೆ ತಕ್ಕಂತೆ ಅಂಗಡಿಯವರು ಚೀಟಿಗಳನ್ನು ಕೊಡುತ್ತಿದ್ದರು. ಅವುಗಳನ್ನು ಅಂಟಿಸಿ ತುಂಬಿದ ಪುಸ್ತಕಗಳಿಗೆ ಬದಲಾಗಿ ಮನೆಬಳಕೆಯ ವಸ್ತುಗಳು ದೊರೆಯುತ್ತಿದ್ದವು. ಆ ಚೀಟಿಗಳಿಗಾಗಿ ಅಂಗಡಿಯವರು ಹಣ ತೆರಬೇಕಾಗಿತ್ತು. 1977ರಲ್ಲಿ ಟೆಸ್ಕೊ ಸಂಸ್ಥೆಯು ಚೀಟಿಗಳನ್ನು ಕೈಬಿಟ್ಟು, ವಸ್ತುಗಳ ಬೆಲೆಯನ್ನೇ ಇಳಿಸಿತು. ಕೊಡುಗೆಯ ವೆಚ್ಚವೂ ವ್ಯಾಪಾರದಿಂದಲೇ ಹುಟ್ಟಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದೇ ಸಂಸ್ಥೆಯು 1995ರ ಫೆಬ್ರವರಿಯಲ್ಲಿ ಕ್ಲಬ್‌ಕಾರ್ಡ್ ಎಂಬ ಕಾರ್ಡನ್ನು ಜಾರಿಗೆ ತಂದಿತು.

ಈ ಕಾರ್ಡಿನಿಂದ ಎರಡು ವಿಧದ ಲಾಭವುಂಟು. ಮೊದಲನೆಯದು ಅಂಕಗಳು. ಅಂಗಡಿಯಲ್ಲಿ 1 ಪೌಂಡಿನ ಖರೀದಿಗೆ 1 ಅಂಕ. 150 ಅಂಕಗಳಿಗೆ ಒಂದೂವರೆ ಪೌಂಡಿನ ಚೀಟಿ. ಎಂದರೆ, ನೂರಕ್ಕೆ ಒಂದರಷ್ಟು ಮಾತ್ರ. ವಾರಕ್ಕೆ 40 ಪೌಂಡು ಖರ್ಚು ಮಾಡುವ ಸಂಸಾರಕ್ಕೆ ವರ್ಷದ 52 ವಾರಗಳಲ್ಲಿ ಸುಮಾರು 20 ಪೌಂಡು 80 ಪೆನ್ಸ್ ದೊರೆಯುತ್ತದೆ. ಆದರೆ ಅಂಕಗಳ ಆಸೆಯಿಂದ ವಾರಕ್ಕೊಮ್ಮೆ 1 ಪೌಂಡಿನ ಅನಗತ್ಯ ವಸ್ತುವನ್ನು ಕೊಂಡರೆ ವರ್ಷಕ್ಕೆ 52 ಪೌಂಡು ಕೈಬಿಡುತ್ತದೆ. ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾಯಿತು.

ಎರಡನೆಯದು ಸದಸ್ಯರ ಬೆಲೆ. ಕಾರ್ಡುಳ್ಳವರಿಗೆ ಒಂದು ಬೆಲೆ, ಇಲ್ಲದವರಿಗೆ ಹೆಚ್ಚಿನ ಬೆಲೆ. ಟೆಸ್ಕೊ ಈ ಕ್ರಮವನ್ನು ಅನುಸರಿಸಿದ ಬಳಿಕ, 2023ರ ಏಪ್ರಿಲಿನಲ್ಲಿ ಸೇನ್ಸ್‌ಬರೀಸ್ ಸಹ ತನ್ನ ನೆಕ್ಟರ್ ಕಾರ್ಡಿಗೆ ಇದನ್ನು ಅಳವಡಿಸಿತು. ಸಾಮಾನ್ಯ ಬೆಲೆಯನ್ನು ಬೇಕೆಂದೇ ಏರಿಸಿ, ಇಳಿಸಿದಂತೆ ತೋರಿಸುತ್ತಾರೆಂಬ ಸಂಶಯ ಅನೇಕರಲ್ಲಿತ್ತು. ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರವು ಸುಮಾರು 50,000 ವಸ್ತುಗಳನ್ನು ಪರೀಕ್ಷಿಸಿ, 2024ರ ನವೆಂಬರಿನಲ್ಲಿ ವರದಿಯನ್ನು ಪ್ರಕಟಿಸಿತು. ಅವುಗಳಲ್ಲಿ ನೂರಕ್ಕೆ 92ರಷ್ಟು ವಸ್ತುಗಳ ರಿಯಾಯಿತಿ ನಿಜವಾದದ್ದೇ ಎಂದು ಕಂಡುಬಂದಿತು. ಆದರೆ ಸದಸ್ಯರ ಬೆಲೆಯೇ ಎಲ್ಲೆಡೆಗಿಂತ ಅಗ್ಗವೆಂದು ಭಾವಿಸಬಾರದೆಂದೂ ಪ್ರಾಧಿಕಾರವು ಎಚ್ಚರಿಸಿತು.

ವಿಷಯದ ತಿರುಳು ಇಲ್ಲಿಯೇ ಇದೆ. ಚಹದ ಪೊಟ್ಟಣದ ಬೆಲೆ 3 ಪೌಂಡು, ಕಾರ್ಡಿಗೆ 2 ಪೌಂಡು 25 ಪೆನ್ಸ್ ಎಂದಿರಲಿ. 75 ಪೆನ್ಸ್ ಉಳಿಯಿತೆಂದು ರಸೀದಿ ಹೇಳುತ್ತದೆ. ಅಂತಹುದೇ ಚಹ ಕಾರ್ಡಿಲ್ಲದ ಬೇರೊಂದು ಅಂಗಡಿಯಲ್ಲಿ 2 ಪೌಂಡಿಗೆ ದೊರೆಯುವುದಾದರೆ, ಉಳಿದದ್ದೇನೂ ಇಲ್ಲ. 25 ಪೆನ್ಸ್ ಹೆಚ್ಚಾಗಿಯೇ ತೆತ್ತಂತಾಯಿತು. ಒಂದೇ ಅಂಗಡಿಯ ಎರಡು ಬೆಲೆಗಳನ್ನು ತೂಗಿ ನೋಡುವವನು ಉಳಿತಾಯವನ್ನು ಅರಿಯಲಾರನು.

ಕಾರ್ಡು ಉಚಿತವೆಂಬ ಮಾತನ್ನೂ ವಿವೇಚಿಸಬೇಕು. ಯಾವ ಸಂಸಾರ, ಯಾವಾಗ, ಏನನ್ನು, ಎಷ್ಟು ಕೊಳ್ಳುತ್ತದೆಂಬ ವಿವರವು ಅಂಗಡಿಗೆ ಸಲ್ಲುತ್ತದೆ. ಯಾರಿಗೆ ಯಾವ ರಿಯಾಯಿತಿಯ ಆಸೆ ತೋರಿಸಬೇಕೆಂಬುದನ್ನು ಅದರಿಂದ ತಿಳಿಯಬಹುದು. ಈ ವಿವರವನ್ನು ಕೊಡಲೊಲ್ಲದವರು ಹೆಚ್ಚಿನ ಬೆಲೆ ತೆರಬೇಕಾಗುತ್ತದೆ. ಸ್ಮಾರ್ಟ್‌ಫೋನ್ ಬಳಸಲರಿಯದ ವೃದ್ಧರೂ ಹಿಂದುಳಿಯುವ ಭಯವುಂಟು. ಅನುಕೂಲವಂತನಿಗೆ ಇದು ಇಚ್ಛೆಯ ಮಾತು. ಬಡವನಿಗೆ ಬಹುಮಟ್ಟಿಗೆ ಅನಿವಾರ್ಯ.

ಆದುದರಿಂದ, ಮಿತ ಆದಾಯದವರು ಕಾರ್ಡನ್ನು ತಿರಸ್ಕರಿಸಬೇಕಾಗಿಲ್ಲ; ಅದಕ್ಕೆ ಅಧೀನರಾಗಲೂಬಾರದು. ಬೇಕಾದ ಸಾಮಾನುಗಳ ಪಟ್ಟಿಯನ್ನು ಮನೆಯಲ್ಲಿಯೇ ಬರೆಯಬೇಕು. ಪೊಟ್ಟಣದ ಬೆಲೆಗಿಂತ ಕಿಲೋಗ್ರಾಮಿನ ಬೆಲೆಯನ್ನು ನೋಡಬೇಕು. ಹಾದಿಯಲ್ಲಿರುವ ಇನ್ನೊಂದು ಅಂಗಡಿಯ ಬೆಲೆಯನ್ನು ವಿಚಾರಿಸಬೇಕು. ಇಷ್ಟೆಲ್ಲ ಆದ ಮೇಲೆ, ಕೊಳ್ಳಲೇಬೇಕಾದ ವಸ್ತುವಿಗೆ ಕಾರ್ಡು ತೋರಿಸಿದರೆ ಬರುವ ಪ್ರಯೋಜನವು ನಿಜವಾದ ಲಾಭ. ಪಟ್ಟಿಯು ಮೊದಲು, ಕಾರ್ಡು ಅನಂತರ. ಈ ಕ್ರಮವು ತಲೆಕೆಳಗಾದಲ್ಲಿ ಲಾಭವು ಅಂಗಡಿಗೇ ಹೊರತು ಸಂಸಾರಕ್ಕಲ್ಲ.